ಚಳಿ ಹೊರಟು ನಿಂತಾಗ

ಗೋಡೆಪತ್ರಿಕೆಗೆ ಬರಹ ಕೊಡಿ ಎಂದು ಪ್ರತಿ ವರ್ಷ ಜನವರಿ ಕೊನೆಗೆ ನೋಟಿಸು ಹಾಕುತ್ತೇವೆ. ಮೊದಲ ಎರಡು ದಿನ ಯಾರೂ ಹತ್ತಿರ ಬರುವುದಿಲ್ಲ. ಮೂರನೆಯ ದಿನದಿಂದ ಸಿಗುವ ಉತ್ತರ ಒಂದೇ: "ಬರೆಯಲಿಕ್ಕೆ ಏನೂ ಇಲ್ಲ ಸರ್." ಒತ್ತಾಯ ಮಾಡಿದರೆ 'ಪ್ರಕೃತಿ ನಮ್ಮ ತಾಯಿ', 'ಸಮಯದ ಮಹತ್ವ', 'ಮೊಬೈಲ್ ವರವೋ ಶಾಪವೋ' ಎಂಬ ಮೂರು ಶೀರ್ಷಿಕೆಗಳು ಬೇರೆ ಬೇರೆ ಕೈಬರಹದಲ್ಲಿ ಬಂದು ಸೇರುತ್ತವೆ. ಈಗಂತೂ ಕೈಬರಹವೂ ಬೇಡ, ಫೋನಿಗೆ ಹೇಳಿದರೆ ಅದೇ ಬರೆದುಕೊಡುತ್ತದೆ. ಆ ಬರಹದಲ್ಲಿ ವ್ಯಾಕರಣದ ತಪ್ಪು ಇರುವುದಿಲ್ಲ, ಬರೆದವರೂ ಇರುವುದಿಲ್ಲ.

ಬರೆಯಲು, ಚಿತ್ರ ಬಿಡಿಸಲು, ಅಥವಾ ಸುಮ್ಮನೆ ಒಂದು ವಿಷಯವನ್ನು ಯೋಚಿಸಲು ಬೇಕಾದ ಸ್ಫೂರ್ತಿ ಎಲ್ಲಿಂದಲೋ ಇಳಿದು ಬರುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಹತ್ತಿರದ ವಸ್ತುವನ್ನು ಎರಡನೆಯ ಸಲ ನೋಡಿದಾಗ ಹುಟ್ಟುವ "ಇದು ಯಾಕೆ ಹೀಗೆ?" ಎಂಬ ಪ್ರಶ್ನೆಗೇ ಸ್ಫೂರ್ತಿ ಎಂದು ಹೆಸರು. ಹಾಗೆ ನೋಡುವುದಾದರೆ ನಮ್ಮ ಕರಾವಳಿಯಲ್ಲಿ ಜನವರಿ ಮಧ್ಯದಿಂದ ಫೆಬ್ರವರಿ ಕೊನೆಯವರೆಗಿನ ಆರು ವಾರಗಳಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಮಳೆಗಾಲದಲ್ಲಿ ಎಲ್ಲವೂ ಹಸಿರು, ಏಪ್ರಿಲ್‌ನಲ್ಲಿ ಎಲ್ಲವೂ ಸೆಕೆ. ಈ ನಡುವಿನ ಆರು ವಾರಗಳಲ್ಲಿ ಮಾತ್ರ ದಿನಕ್ಕೊಂದು ಬದಲಾವಣೆ. ನಮ್ಮ ದುರದೃಷ್ಟ ಏನೆಂದರೆ ಪ್ರಾಯೋಗಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಸಿಇಟಿ, ನೀಟ್ ಕೋಚಿಂಗ್ ಎಲ್ಲವೂ ಇದೇ ಆರು ವಾರಗಳಲ್ಲಿ ಬಂದು ಕುಳಿತಿವೆ. ಹಾಗಾಗಿ ಓದುವ ಮೇಜಿನಿಂದ ಹೆಚ್ಚು ದೂರ ಹೋಗದೆ ಏನೇನು ನೋಡಬಹುದು, ಅದರ ಹಿಂದಿನ ಕಾರಣ ಏನು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಗೋಡೆಯ ಮೇಲಿನ ಒಂದು ಕಾಗದದಿಂದ ಶುರು ಮಾಡೋಣ. ನಮ್ಮ ನಮಾಝ್ ಕೋಣೆಯಲ್ಲಿ, ಊರಿನ ಮಸೀದಿಗಳಲ್ಲಿ, ಹೆಚ್ಚಿನವರ ಮನೆಯ ಕ್ಯಾಲೆಂಡರಿನಲ್ಲಿ ನಮಾಝಿನ ವೇಳಾಪಟ್ಟಿ ಇರುತ್ತದೆ. ಅದನ್ನು ಇವತ್ತಿನ ಸಾಲಿಗಷ್ಟೇ ನೋಡಿ ಬಿಡುತ್ತೇವೆ. ಒಮ್ಮೆ ನವೆಂಬರ್‌ನಿಂದ ಫೆಬ್ರವರಿಯವರೆಗೆ ಮೇಲಿನಿಂದ ಕೆಳಗೆ ಓದಿ ನೋಡಿ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22 ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೇವೆ. ಹಾಗಾದರೆ ಸೂರ್ಯ ಅತಿ ತಡವಾಗಿ ಹುಟ್ಟುವುದೂ, ಅತಿ ಬೇಗ ಮುಳುಗುವುದೂ ಅಂದೇ ಆಗಬೇಕಲ್ಲವೇ? ಪಟ್ಟಿ ಬೇರೆಯೇ ಹೇಳುತ್ತದೆ. ಮಂಗಳೂರಿನ ಆಸುಪಾಸಿನಲ್ಲಿ ಡಿಸೆಂಬರ್ 22ರಂದು ಸೂರ್ಯೋದಯ ಸುಮಾರು 6.48ಕ್ಕೆ. ಜನವರಿಯ ಕೊನೆಯ ವಾರದಲ್ಲಿ ಅದು ಸುಮಾರು 6.57. ಅಂದರೆ ಹಗಲು ದೊಡ್ಡದಾಗಲು ಶುರುವಾಗಿ ಒಂದು ತಿಂಗಳಾದ ಮೇಲೂ ಬೆಳಿಗ್ಗೆ ಮಾತ್ರ ಇನ್ನೂ ತಡವಾಗುತ್ತಲೇ ಇರುತ್ತದೆ. ಮಗ್ರಿಬ್ ಅತಿ ಬೇಗ ಬರುವುದು ನವೆಂಬರ್‌ನ ಮೂರನೆಯ ವಾರದ ಹೊತ್ತಿಗೆ. ಆರು ಗಂಟೆ ದಾಟಿದ ಕೂಡಲೇ ಸೂರ್ಯ ಮುಳುಗಿರುತ್ತದೆ. ಜನವರಿ ಕೊನೆಗೆ ಅದು ಆರೂವರೆಗೆ ಹತ್ತಿರ.

ಇದರ ಗುಟ್ಟು ಝುಹರ್‌ನ ಸಾಲಿನಲ್ಲಿದೆ. ಸೂರ್ಯ ನೆತ್ತಿಯ ಗೆರೆಯನ್ನು ದಾಟಿದ ಮೇಲೆ ಝುಹರ್. ಆ ದಾಟುವ ಹೊತ್ತು ನಮ್ಮಲ್ಲಿ ನವೆಂಬರ್ ಆರಂಭದಲ್ಲಿ ಸುಮಾರು 12.14. ಫೆಬ್ರವರಿ ಮಧ್ಯದಲ್ಲಿ ಸುಮಾರು 12.45. ಗಡಿಯಾರದ ಮಧ್ಯಾಹ್ನ ಒಂದೇ ಕಡೆ ನಿಂತಿದ್ದರೂ ಸೂರ್ಯನ ಮಧ್ಯಾಹ್ನ ಅರ್ಧ ಗಂಟೆ ಮುಂದೆ ಸರಿದಿರುತ್ತದೆ. ಭೂಮಿ ಸೂರ್ಯನ ಸುತ್ತ ಪೂರ್ತಿ ವೃತ್ತದಲ್ಲಿ ಸುತ್ತುವುದಿಲ್ಲ, ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಹತ್ತಿರ ಇರುವಾಗ ಅದರ ವೇಗ ಹೆಚ್ಚು. ಜೊತೆಗೆ ಅದರ ಅಕ್ಷ ವಾಲಿದೆ. ಇವೆರಡೂ ಸೇರಿ ಮಧ್ಯಾಹ್ನವನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತವೆ. ಮಧ್ಯಾಹ್ನವೇ ಮುಂದೆ ಹೋದಾಗ ಅದರ ಜೊತೆಗೆ ಬೆಳಗೂ ಸಂಜೆಯೂ ಮುಂದೆ ಹೋಗುತ್ತವೆ. ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಿಲ್ಲುವವರು "ಜನವರಿ ಮುಗಿಯುತ್ತಾ ಬಂದರೂ ಕತ್ತಲೆ ಬಿಡುವುದಿಲ್ಲ" ಎಂದು ಗೊಣಗುವುದುಂಟು. ಅವರು ಹೇಳುವುದು ಸರಿ. ಖಗೋಳ ವಿಜ್ಞಾನ ಅವರ ಪರವಾಗಿದೆ.

ಆ ಬಸ್ಸಿಗೆ ನಿಂತಾಗಲೇ ಗಮನಿಸಬಹುದಾದ ಇನ್ನೊಂದು ಸಂಗತಿ, ಶಬ್ದ. ಮೇ ತಿಂಗಳಲ್ಲಿ ಎರಡು ಫರ್ಲಾಂಗು ದೂರದ ಮಸೀದಿಯ ಬಾಂಗ್ ಕೂಡ ಅಸ್ಪಷ್ಟ. ಈಗ ಸುಬಹಿಯ ಹೊತ್ತಿಗೆ ಮೂರು ನಾಲ್ಕು ಮಸೀದಿಗಳದ್ದು ಒಂದರ ಹಿಂದೆ ಒಂದಾಗಿ ಕೇಳಿಸುತ್ತದೆ. ಹೊಳೆಯಾಚೆಗಿನ ರೈಲು ಮನೆಯ ಹಿಂದೆಯೇ ಹೋದಂತೆ ಅನಿಸುತ್ತದೆ. ರಾತ್ರಿ ಎಲ್ಲೋ ಗದ್ದೆಯಲ್ಲಿ ನಡೆಯುವ ಯಕ್ಷಗಾನದ ಚೆಂಡೆ ಬೆಳಗಿನ ಜಾವಕ್ಕೆ ಇನ್ನೂ ಹತ್ತಿರ ಬಂದಂತೆ ಇರುತ್ತದೆ. ಚಳಿಗೆ ಕಿವಿ ಚುರುಕಾಗಿದೆ ಎಂದು ಹೇಳುವವರಿದ್ದಾರೆ, ಆದರೆ ಕಾರಣ ಗಾಳಿಯದ್ದು. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಮೋಡವಿಲ್ಲದ, ಗಾಳಿಯಾಡದ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ಕೆಳಗಿನ ಗಾಳಿ ತಂಪಾಗಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ನಿಲ್ಲುತ್ತದೆ. ಶಬ್ದ ಬಿಸಿ ಗಾಳಿಯಲ್ಲಿ ಸ್ವಲ್ಪ ವೇಗವಾಗಿ ಹೋಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚು. ಇಷ್ಟು ಸಣ್ಣ ವ್ಯತ್ಯಾಸ ಸಾಕು, ಮೇಲಕ್ಕೆ ಹೋಗಬೇಕಿದ್ದ ಶಬ್ದದ ಅಲೆ ಬಾಗಿ ಕೆಳಕ್ಕೆ, ನಮ್ಮ ಕಡೆಗೇ ಬರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಪದರ ಒಡೆಯುತ್ತದೆ, ರೈಲು ಮತ್ತೆ ದೂರ ಹೋಗುತ್ತದೆ. ಒಂದು ಕಥೆಯಲ್ಲಿ ಯಾರಾದರೂ ನಿದ್ದೆ ಬಾರದೆ ಮಲಗಿದ್ದಾರೆ ಎಂದು ಬರೆಯಬೇಕಾದರೆ ಹತ್ತು ವಿಶೇಷಣಗಳ ಬದಲು ಹೊಳೆಯಾಚೆಗಿನ ರೈಲನ್ನು ಕೇಳಿಸಿದರೆ ಸಾಕು.

ಇಬ್ಬನಿಯದ್ದೂ ಇದೇ ಸಂಬಂಧ. ಬಯಲಿನಲ್ಲಿ ನಿಲ್ಲಿಸಿದ ಬೈಕಿನ ಸೀಟು ಬೆಳಿಗ್ಗೆ ಒದ್ದೆ, ಮರದಡಿ ನಿಲ್ಲಿಸಿದ್ದು ಒಣ. ಯಾಕೆ? ಬಯಲಿನ ಸೀಟು ರಾತ್ರಿಯಿಡೀ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ, ಐಸ್ ನೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ ಅದರ ಮೇಲೆ ನೀರು ಕೂರುತ್ತದೆ. ಮರದಡಿಯದ್ದಕ್ಕೆ ಎಲೆಗಳೇ ಹೊದಿಕೆ. ಹುಲ್ಲಿನ ಮೇಲಿನ ಜೇಡರ ಬಲೆಗಳು ವರ್ಷವಿಡೀ ಅಲ್ಲೇ ಇರುತ್ತವೆ; ಇಬ್ಬನಿ ಕುಳಿತ ದಿನ ಮಾತ್ರ ಮೈದಾನದಲ್ಲಿ ಅವು ಎಷ್ಟಿವೆ ಎಂದು ಗೊತ್ತಾಗುತ್ತದೆ. ಎಣಿಸಲು ಪ್ರಯತ್ನಿಸಿ. ಐವತ್ತಕ್ಕೆ ಮೊದಲು ಬೆಲ್ ಹೊಡೆಯುತ್ತದೆ.

ನಮ್ಮದೂ ಒಂದು ಚಳಿಯೇ ಎಂದು ನಗುವವರು ಹಾಸ್ಟೆಲಿನಲ್ಲಿದ್ದಾರೆ. ಬೆಳಗಿನ ತಾಪಮಾನ 20 ಡಿಗ್ರಿಗೆ ಇಳಿದರೆ ಇಲ್ಲಿನವರು ಮಫ್ಲರ್ ಸುತ್ತುತ್ತಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರಿಗೆ 12 ಡಿಗ್ರಿ ಗೊತ್ತು. ಅವರ ಊರಿನಲ್ಲಿ ಇದು ಸೀತನಿಯ ಕಾಲ, ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳನ್ನು ಬಾಯಿಗೆ ಹಾಕಿಕೊಳ್ಳುವ ಕಾಲ. ಹೊಲದಿಂದ ಕಿತ್ತು ತಂದ ಸುಲಗಾಯಿ, ಅಂದರೆ ಹಸಿ ಕಡಲೆ ಸುಲಿಯುತ್ತಾ ಕಟ್ಟೆಯ ಮೇಲೆ ಕೂರುವ ಕಾಲ. ಮಳೆ ನಿಂತ ಮೇಲೆ ಎರೆಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಬೆಳೆಯುವ ಹಿಂಗಾರಿ ಜೋಳ ಅದು. ಕರಾವಳಿಯ ನಮಗೆ, ಮಳೆಯಿಲ್ಲದೆ ಒಂದು ಬೆಳೆ ಹೇಗೆ ನಿಲ್ಲುತ್ತದೆ ಎಂಬುದೇ ಆಶ್ಚರ್ಯ. ಆ ಭಾಗದ ವಿದ್ಯಾರ್ಥಿಗಳು ಇದನ್ನು ಬರೆದುಕೊಟ್ಟರೆ ಇಲ್ಲಿನವರು ಎರಡು ಸಲ ಓದುತ್ತಾರೆ. ಅವರಿಗೆ ಅದು "ಏನೂ ಇಲ್ಲ" ಪಟ್ಟಿಯಲ್ಲಿರುವ ವಿಷಯ.

ಇನ್ನು ಕಾಲೇಜಿನ ಅಂಗಳಕ್ಕೆ ಬರೋಣ. ಸೈಕಲ್ ಸ್ಟ್ಯಾಂಡಿನ ಪಕ್ಕದ ಕಾಡು ಬಾದಾಮಿ ಮರ ಈಗ ಕೆಂಪಾಗಿದೆ. ಬಿಸಿಪ್ರದೇಶದ ಮರಗಳಲ್ಲಿ ಉದುರುವ ಮೊದಲು ಇಷ್ಟು ಚೆನ್ನಾಗಿ ಕೆಂಪಾಗುವವು ಕಡಿಮೆ. ಎಲೆಯನ್ನು ಬಿಡುವ ಮೊದಲು ಮರ ಅದರಲ್ಲಿದ್ದ ಸಾರಜನಕದಂತಹ ಬೆಲೆಬಾಳುವ ಪೋಷಕಾಂಶಗಳನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ; ಹಸಿರು ವರ್ಣದ್ರವ್ಯ ಒಡೆದು ಹೋಗುತ್ತದೆ; ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯ ಹೊಸದಾಗಿ ತಯಾರಾಗುತ್ತದೆ. ಮನೆಯಲ್ಲಿ ಫೈಟರ್ ಮೀನು ಸಾಕುವ ಹುಡುಗರು ಈ ಒಣ ಎಲೆಗಳನ್ನು ಆರಿಸಿಕೊಂಡು ಹೋಗುವುದನ್ನು ನೋಡಿದ್ದೇನೆ. ತೊಟ್ಟಿಯ ನೀರಿಗೆ ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೀನಿಗೆ ಅದು ಇಷ್ಟ. ಕಾಯಿಯ ಸಿಪ್ಪೆ ನಾರು ನಾರಾಗಿ ಹಗುರ, ಸಮುದ್ರದಲ್ಲಿ ತೇಲಿ ದೂರದ ದಡ ಸೇರಲು ಹೇಳಿ ಮಾಡಿಸಿದ್ದು. ನಾವು ಅದನ್ನು ಕಲ್ಲಿನಿಂದ ಜಜ್ಜಿ ಒಳಗಿನ ಕಡ್ಡಿಯಂತಹ ಬೀಜ ತಿನ್ನುತ್ತೇವೆ. ಹತ್ತು ನಿಮಿಷದ ಶ್ರಮಕ್ಕೆ ಅರ್ಧ ಚಮಚ ಬೀಜ. ಲಾಭನಷ್ಟ ಲೆಕ್ಕ ಹಾಕುವ ಕಾಮರ್ಸ್ ವಿಭಾಗದವರೂ ಇದನ್ನು ಬಿಟ್ಟದ್ದು ಕಂಡಿಲ್ಲ.

ಅದೇ ಮರದ ನೆರಳಿನಲ್ಲಿ ಎಲೆ ಇನ್ನೂ ಅರ್ಧ ಉಳಿದಿರುವಾಗ ನೆಲವನ್ನು ನೋಡಿ. ಎಲೆಗಳ ನಡುವಿನ ಸಂದು ಚೌಕ, ತ್ರಿಕೋನ, ಹರಕು ಹೇಗೇ ಇರಲಿ, ನೆಲದ ಮೇಲೆ ಬಿದ್ದ ಬಿಸಿಲಿನ ಚುಕ್ಕೆಗಳು ಹೆಚ್ಚಾಗಿ ದುಂಡಗೆ ಅಥವಾ ಮೊಟ್ಟೆಯಾಕಾರ. ಅವು ಸಂದಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಪ್ರತಿ ಸಣ್ಣ ಸಂದೂ ಒಂದು ಸೂಜಿರಂಧ್ರ ಕ್ಯಾಮೆರಾ. ಸುಮಾರು ಒಂದು ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಯೋಚಿಸಿದ್ದು ಇಂಥದ್ದನ್ನೇ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ಅವರು ಬೆಳಕಿನ ಬಗ್ಗೆ 'ಕಿತಾಬ್ ಅಲ್ ಮನಾಝಿರ್' ಬರೆದರು. ಗ್ರಹಣದ ಹೊತ್ತಿನಲ್ಲಿ ಸಣ್ಣ ರಂಧ್ರದಿಂದ ಬಂದ ಬೆಳಕು ಏಕೆ ಕುಡುಗೋಲಿನ ಆಕಾರ ತಾಳುತ್ತದೆ ಎಂಬುದರ ಬಗ್ಗೆಯೇ ಒಂದು ಪ್ರತ್ಯೇಕ ಬರಹ ಮಾಡಿದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ನಂಬಿಕೆಯನ್ನು ಬಿಟ್ಟು, ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಬೆಂಬಲದಿಂದ ವಾದಿಸಿದವರು ಅವರು. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕರಾವಳಿಯಲ್ಲಿ ಕಂಕಣ ಸೂರ್ಯಗ್ರಹಣ ಕಂಡಿತ್ತು. ಆಗ ನೀವು ಪ್ರಾಥಮಿಕ ಶಾಲೆಯಲ್ಲಿದ್ದಿರಿ. ಅಂದು ಮರದಡಿ ನಿಂತಿದ್ದವರ ಕಾಲ ಬಳಿ ನೂರಾರು ಕುಡುಗೋಲುಗಳು ಬಿದ್ದಿದ್ದವು. ಹೆಚ್ಚಿನವರು ಆಕಾಶ ನೋಡುವ ಗಡಿಬಿಡಿಯಲ್ಲಿ ನೆಲ ನೋಡಲಿಲ್ಲ.

ಫೆಬ್ರವರಿ 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಆ ದಿನ ನಮ್ಮಲ್ಲಿ ಭಾಷಣ, ಕ್ವಿಜ್ ಇರುತ್ತದೆ, ಸಿ.ವಿ. ರಾಮನ್ 1928ರ ಆ ದಿನ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದದ್ದನ್ನೂ, 1930ರಲ್ಲಿ ನೊಬೆಲ್ ಪಡೆದದ್ದನ್ನೂ ಹೇಳುತ್ತೇವೆ. ಅದರ ಆರಂಭ ಮಾತ್ರ ಭಾಷಣದಲ್ಲಿ ಬರುವುದು ಕಡಿಮೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸು ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಕಣ್ಣಿಗೆ ಬಿತ್ತು. ಸಮುದ್ರ ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬುದು ಆಗಿನ ದೊಡ್ಡವರ ಉತ್ತರ. ರಾಮನ್ ಕೈಯಲ್ಲಿದ್ದ ಒಂದು ಪಟ್ಟಕದಿಂದ ನೀರಿನ ಮೇಲಿನ ಆಕಾಶದ ಹೊಳಪನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ. ಹಾಗಾದರೆ ಉತ್ತರ ಸಾಲದು. ನೀರೊಳಗೇ ಬೆಳಕು ಚದರುತ್ತಿದೆ. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ಮುಖ್ಯ ಕಾರಣ ಎಂದು ಇಂದು ನಮಗೆ ಗೊತ್ತು. ಆದರೆ ಆ ಒಂದು ಸಂದೇಹದಿಂದ ಏಳು ವರ್ಷಗಳ ಕೆಲಸ ಹುಟ್ಟಿತು. ನಮಗೆ ಸಮುದ್ರ ನೋಡಲು ಹಡಗು ಬೇಡ. ಮಳೆಗಾಲದಲ್ಲಿ ಹೊಳೆಗಳು ತಂದು ಸುರಿಯುವ ಮಣ್ಣಿನಿಂದ ಕೆಂಪು ಕಂದು ಬಣ್ಣಕ್ಕೆ ತಿರುಗುವ ಅದೇ ಪಣಂಬೂರು, ಉಳ್ಳಾಲದ ನೀರು ಈಗ ಎಷ್ಟು ತಿಳಿಯಾಗಿದೆ ಎಂದು ಭಾನುವಾರ ಹೋದವರು ನೋಡಿರುತ್ತೀರಿ. ನೋಡಿ ಸೆಲ್ಫಿ ತೆಗೆದಿರುತ್ತೀರಿ, ಅದಕ್ಕೂ ನನ್ನ ಆಕ್ಷೇಪ ಇಲ್ಲ.

ಮನೆಯ ಹಿತ್ತಲಿನಲ್ಲಿ ಮಾವಿನ ಹೂವು ಬಂದಿದೆ. ಮಾವು ಹೂ ಬಿಡಲು ಒಣ ಹವೆ, ತಂಪು ರಾತ್ರಿ ಬೇಕು. ಅದಕ್ಕಾಗಿಯೇ ಚಳಿ ಸರಿಯಾಗಿ ಬೀಳದ ವರ್ಷ ಹಿರಿಯರು ಮರ ನೋಡಿ ತಲೆ ಅಲ್ಲಾಡಿಸುತ್ತಾರೆ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಕ್ಕಿದ ಹೂಗಳು. ಅವುಗಳಲ್ಲಿ ಬಹಳಷ್ಟು ಗಂಡು ಹೂ, ಕಾಯಾಗುವ ಪ್ರಶ್ನೆಯೇ ಇಲ್ಲ. ಉಳಿದವುಗಳಲ್ಲಿ ಪರಾಗ ಮುಟ್ಟಿದ್ದು ಕೆಲವು, ಅದರಲ್ಲಿ ಮಿಡಿಯಾಗಿ ಉದುರುವುದೇ ಹೆಚ್ಚು. ಕೊನೆಗೆ ಹಣ್ಣಾಗುವುದು ಗೊಂಚಲಿಗೆ ಒಂದೋ ಎರಡೋ. ಈ ಪರಾಗದ ಕೆಲಸದಲ್ಲಿ ಜೇನಿಗಿಂತ ನೊಣಗಳದ್ದೇ ದೊಡ್ಡ ಪಾಲು ಎಂದರೆ ನೊಣದ ಮೇಲಿನ ನಮ್ಮ ಅಭಿಪ್ರಾಯ ಸ್ವಲ್ಪ ಬದಲಾಗಬೇಕು. ಗುಡ್ಡದಲ್ಲಿ ಗೇರು ಹೂ ಬಿಟ್ಟು, ಮೊದಲ ಹಣ್ಣುಗಳೂ ಬಂದಿವೆ. ಬ್ರೆಜಿಲ್ ಮೂಲದ ಈ ಮರವನ್ನು ನಮ್ಮ ಕರಾವಳಿಗೆ ತಂದವರು 16ನೆಯ ಶತಮಾನದ ಪೋರ್ಚುಗೀಸರು. ನಾವು ಹಣ್ಣು ಎಂದು ಉಪ್ಪು ಹಚ್ಚಿ ತಿನ್ನುವುದು ನಿಜವಾಗಿ ಊದಿದ ತೊಟ್ಟು, ಕೆಳಗೆ ನೇತಾಡುವ ಬೀಜವೇ ಅಸಲಿ ಹಣ್ಣು. ರಸ ಬಿಳಿ ಯೂನಿಫಾರ್ಮಿಗೆ ತಾಗಿದರೆ ಕಲೆ ಹೋಗುವುದಿಲ್ಲ. ಇದಕ್ಕೆ ಸಸ್ಯಶಾಸ್ತ್ರ ಪುಸ್ತಕದ ಆಧಾರ ಬೇಡ, ಪ್ರಥಮ ಪಿಯುಸಿಯ ಅಂಗಿಗಳೇ ಸಾಕ್ಷಿ.

ಸುರಗಿಯ ಬಗ್ಗೆ ಒಂದು ಮಾತು. ಕೊಂಬೆಗೇ ಅಂಟಿಕೊಂಡಂತೆ ಗುಂಪುಗುಂಪಾಗಿ ಅರಳುವ ಈ ಬಿಳಿ ಹೂವಿನ ಕಾಲವೂ ಚಳಿ ಮುಗಿಯುವ ಹೊತ್ತೇ. ಹೆಚ್ಚಿನ ಹೂಗಳು ಬಾಡಿದರೆ ಮುಗಿಯಿತು. ಸುರಗಿ ಒಣಗಿದ ಮೇಲೂ ಪರಿಮಳ ಬಿಡುವುದಿಲ್ಲ. ಒಣಗಿದ ಮಾಲೆಯನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಯು.ಆರ್. ಅನಂತಮೂರ್ತಿ ತಮ್ಮ ಆತ್ಮಕಥನಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು.

ಇಷ್ಟೆಲ್ಲ ನೋಡಿ ಏನು ಬರೆಯುವುದು ಎಂದು ಕೇಳುತ್ತೀರಿ. ಎರಡು ಮಾದರಿ ಕೊಡುತ್ತೇನೆ. ಒಂದು: "ಚಳಿಗಾಲದ ಮುಂಜಾವು ಅತ್ಯಂತ ಸುಂದರವಾಗಿರುತ್ತದೆ. ಪ್ರಕೃತಿಯ ಮಡಿಲಲ್ಲಿ ಮನಸ್ಸು ಅರಳುತ್ತದೆ." ಇನ್ನೊಂದು: "ಜನವರಿ 29, ಬೆಳಿಗ್ಗೆ 6.40. ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚು ಒದ್ದೆ. ಮೀನು ಮಾರುವ ಹೆಂಗಸು ತಲೆಯ ಬುಟ್ಟಿ ಇಳಿಸಿ, ಅದರಡಿಯ ಸಿಂಬಿ ಬಟ್ಟೆಯಿಂದಲೇ ಬೆಂಚು ಒರೆಸಿ, ನನಗೂ ಜಾಗ ಬಿಟ್ಟಳು. ಕೈಯಲ್ಲಿ ಕಣ್ಣ ಚಾಯದ ಗ್ಲಾಸು. ಹೊಗೆ ನೇರ ಮೇಲೆ ಹೋಗುತ್ತಿತ್ತು, ಗಾಳಿಯೇ ಇರಲಿಲ್ಲ." ಮೊದಲನೆಯದು ಯಾವ ಊರಿನ, ಯಾವ ವರ್ಷದ ಬರಹವೂ ಆಗಬಹುದು. ಎರಡನೆಯದನ್ನು ಬೇರೆ ಯಾರೂ ಬರೆಯಲಾರರು, ಅಂದು ಆ ಬೆಂಚಿನಲ್ಲಿ ಕುಳಿತವರು ಬಿಟ್ಟು. ಇದರಲ್ಲಿ ಕವಿತ್ವ ಇಲ್ಲ ಎನ್ನುವವರಿಗೆ ನಾನು ವಾದ ಮಾಡಲು ಹೋಗುವುದಿಲ್ಲ. ಆದರೆ ದಿನಾಂಕ, ಹೊತ್ತು, ವಸ್ತುವಿನ ಸರಿಯಾದ ಹೆಸರು, ಎದುರಿನವರು ಮಾಡಿದ ಒಂದು ಕೆಲಸ ಇವಿಷ್ಟು ಇದ್ದರೆ ಬರಹ ತನ್ನ ಕಾಲ ಮೇಲೆ ನಿಲ್ಲುತ್ತದೆ. ಹೆಸರಿನ ವಿಷಯದಲ್ಲಿ ಮನೆಮಾತಿಗೆ ಹೆದರಬೇಡಿ. ಬ್ಯಾರಿ, ತುಳು, ಉರ್ದು, ಕೊಂಕಣಿ ಯಾವುದರಲ್ಲಿ ಆ ವಸ್ತುವಿಗೆ ಹೆಸರಿದೆಯೋ ಅದನ್ನೇ ಕನ್ನಡ ವಾಕ್ಯದೊಳಗೆ ಇಡಿ. ಓದುವವರಿಗೆ ಅರ್ಥವಾಗುತ್ತದೆ.

ನಮ್ಮ ದೊಡ್ಡ ಲೇಖಕರು ಹೆಚ್ಚು ದೂರ ಹೋಗಿ ವಸ್ತು ಹುಡುಕಿದವರಲ್ಲ. ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ಕಲ್ಲು ಮಣ್ಣಿನ ಪಾಠ ಮಾಡುತ್ತಲೇ ಕವಿತೆ ಬರೆದರು. ಹಾಸನದ ಬಾನು ಮುಷ್ತಾಕ್ ವಕೀಲರು. ತಮ್ಮ ಸುತ್ತಲಿನ ಮುಸ್ಲಿಂ ಹೆಂಗಸರ ದಿನನಿತ್ಯದ ಬದುಕನ್ನೇ ಕಥೆ ಮಾಡಿದರು, ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಅಂತಾರಾಷ್ಟ್ರೀಯ ಬೂಕರ್ ಬಂತು. ನನಗೆ ಹೆಚ್ಚು ಮುಖ್ಯ ಅನಿಸುವುದು ಸಾರಾ ಅಬೂಬಕ್ಕರ್ ಅವರದ್ದು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಅಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರಾಗಿದ್ದ ಅವರ ಬರಹ ಜನರಿಗೆ ಸಿಕ್ಕಿದ್ದು 1980ರ ದಶಕದ ಆರಂಭದಲ್ಲಿ, ಲಂಕೇಶ್ ಪತ್ರಿಕೆಯ ಮೂಲಕ. ಆಗ ಅವರಿಗೆ ನಲವತ್ತು ದಾಟಿತ್ತು. ಅಷ್ಟು ವರ್ಷ ಅವರ ಸುತ್ತ ಇದ್ದದ್ದು ಅಡುಗೆ ಮನೆ, ಮಕ್ಕಳು, ನೆರೆಹೊರೆ, ಚಂದ್ರಗಿರಿ ಹೊಳೆ. 'ಚಂದ್ರಗಿರಿಯ ತೀರದಲ್ಲಿ' ಹುಟ್ಟಿದ್ದು ಅಲ್ಲಿಂದಲೇ.

ಇದನ್ನು ಹೇಳಲು ಕಾರಣವಿದೆ. ದ್ವಿತೀಯ ಪಿಯುಸಿ ಮುಗಿಸಿ ಹೋಗುವವರಲ್ಲಿ ಎಷ್ಟೋ ಜನ ಆಮೇಲೆ ಪರೀಕ್ಷೆಗೆ, ಅರ್ಜಿಗೆ ಬಿಟ್ಟರೆ ಒಂದು ಪುಟವನ್ನೂ ಬರೆಯುವುದಿಲ್ಲ. ಇಲ್ಲಿ ಚೆನ್ನಾಗಿ ಬರೆಯುತ್ತಿದ್ದ ಹೆಣ್ಣುಮಕ್ಕಳು ಮದುವೆಯಾಗಿ, ಗಂಡುಮಕ್ಕಳು ಗಲ್ಫಿಗೆ ಹೋಗಿ, ಕೆಲವು ವರ್ಷಗಳ ನಂತರ ಸಿಕ್ಕಾಗ "ಈಗ ಅದೆಲ್ಲ ಎಲ್ಲಿ ಸರ್" ಎನ್ನುತ್ತಾರೆ. ಸಮಯ ಇಲ್ಲದ್ದು ನಿಜ. ಆದರೆ ದಿನಕ್ಕೆ ಐದು ಸಾಲಿಗೆ ಬೇಕಾದ ಸಮಯ ಒಂದು ಚಾಯ ತಣಿಯುವಷ್ಟು. ಪರೀಕ್ಷೆಯ ಈ ದಿನಗಳಲ್ಲೂ ಅಷ್ಟು ಸಿಗುತ್ತದೆ. ಓದಿನ ನಡುವೆ ಹತ್ತು ನಿಮಿಷ ಫೋನ್ ತೆರೆದರೆ ನಲವತ್ತು ನಿಮಿಷ ಹೋಗುತ್ತದೆ ಎಂಬುದು ನಿಮಗೇ ಗೊತ್ತು. ಅದೇ ಹತ್ತು ನಿಮಿಷ ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಎದ್ದರೆ ಹತ್ತು ನಿಮಿಷವೇ ಆಗಿರುತ್ತದೆ. ಈ ಬಿಸಿಲು ಮಾರ್ಚ್ ಎರಡನೇ ವಾರದ ನಂತರ ಬೆನ್ನಿಗೆ ಹಿತವಾಗಿರುವುದಿಲ್ಲ.

ಕೊನೆಯದಾಗಿ ಚಂದ್ರ. ಈಗಿನ ವರ್ಷಗಳಲ್ಲಿ ರಮಝಾನ್ ಚಳಿ ಮುಗಿಯುವ ಹೊತ್ತಿಗೆ ಬಂದು ತಲುಪಿದೆ. ಹಿಲಾಲ್ ನೋಡಲು ಮಸೀದಿಯ ತಾರಸಿಗೋ ಗುಡ್ಡಕ್ಕೋ ಹೋಗುವವರು ಈ ಸಲ ಚಂದ್ರ ಹೇಗೆ ನಿಂತಿದೆ ಎಂದೂ ನೋಡಿ. ಈ ತಿಂಗಳುಗಳಲ್ಲಿ ಅದು ದೋಣಿಯಂತೆ, ಎರಡು ತುದಿ ಮೇಲೆ ಮಾಡಿ ಅಂಗಾತ ಮಲಗಿರುತ್ತದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಓರೆಯಾಗಿ ವಾಲಿರುತ್ತದೆ. ಚಂದ್ರ ಮತ್ತು ಸೂರ್ಯ ಆಕಾಶದಲ್ಲಿ ಸಾಗುವ ದಾರಿ ಫೆಬ್ರವರಿ ಮಾರ್ಚ್‌ನ ಸಂಜೆಗಳಲ್ಲಿ ನಮ್ಮ ಅಕ್ಷಾಂಶದಲ್ಲಿ ಪಶ್ಚಿಮದಿಂದ ಹೆಚ್ಚು ಕಡಿಮೆ ನೆಟ್ಟಗೆ ಮೇಲೇಳುತ್ತದೆ. ಮುಳುಗಿದ ಸೂರ್ಯ ಚಂದ್ರನ ನೇರ ಕೆಳಗಿರುವುದರಿಂದ ಬೆಳಗುವುದು ಕೆಳಗಿನ ಅಂಚು. ದಾರಿ ನೆಟ್ಟಗಿರುವ ಕಾರಣ ಎಳೆಯ ಚಂದ್ರ ಸ್ವಲ್ಪ ಎತ್ತರದಲ್ಲಿದ್ದು ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ, ಹುಡುಕುವುದು ಸುಲಭ. ಎರಡನೆಯ ದಿನವೋ ಮೂರನೆಯ ದಿನವೋ ನೋಡಿದರೆ ದೋಣಿಯೊಳಗೆ ಉಳಿದ ಚಂದ್ರನೂ ಮಸುಕಾಗಿ ಕಾಣುತ್ತದೆ. ಅದು ನಮ್ಮ ಭೂಮಿ ಪ್ರತಿಫಲಿಸಿದ ಬಿಸಿಲು, ಅಲ್ಲಿಗೆ ಹೋಗಿ ಮರಳಿ ಬಂದದ್ದು.

ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು, ಹಾಗಾಗಿ ರಮಝಾನ್ ಎಲ್ಲ ಋತುಗಳನ್ನು ಸುತ್ತಿ ಅದೇ ಜಾಗಕ್ಕೆ ಬರಲು ಸುಮಾರು 33 ವರ್ಷ ಬೇಕು. ಈಗ 17 ವರ್ಷದವರಿಗೆ ಮತ್ತೆ ಇದೇ ಹವೆಯಲ್ಲಿ, ಮಾವಿನ ಹೂವಿನ ವಾಸನೆಯಲ್ಲಿ ಉಪವಾಸ ಬರುವಾಗ 50 ಆಗಿರುತ್ತದೆ. ಹಿಂದಿನ ಸಲ ಬಂದದ್ದು 1993, 1994ರ ಸುಮಾರಿಗೆ. ನಿಮ್ಮಲ್ಲಿ ಹಲವರ ಉಮ್ಮ, ಉಪ್ಪ ಆಗ ಶಾಲೆಗೆ ಹೋಗುವ ಮಕ್ಕಳು. ಆಗ ನಸುಕಿನಲ್ಲಿ ಅವರನ್ನು ಯಾರು ಎಬ್ಬಿಸುತ್ತಿದ್ದರು, ಚಂದ್ರ ಕಂಡ ಸುದ್ದಿ ಮನೆಗೆ ಹೇಗೆ ಬರುತ್ತಿತ್ತು, ಪತ್ತಿರ್ ತಟ್ಟಲು ಎಷ್ಟು ಜನ ಕೂರುತ್ತಿದ್ದರು, ಶಾಲೆಯಲ್ಲಿ ಬಾಯಾರಿಕೆ ಆದಾಗ ಏನು ಮಾಡುತ್ತಿದ್ದರು? ಉಪವಾಸ ಇಲ್ಲದ ಮನೆಗಳಲ್ಲೂ ಅದೇ ವರ್ಷಗಳ ಫೆಬ್ರವರಿಯ ಕೋಲ, ಯಕ್ಷಗಾನ, ಪರೀಕ್ಷೆಯ ನೆನಪುಗಳಿರುತ್ತವೆ. ಒಂದು ಸಂಜೆ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ.

ಗ್ರಂಥಾಲಯದ ಬಾಗಿಲ ಪಕ್ಕದ ಮೇಜಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಡುತ್ತೇವೆ, ದಾರ ಕಟ್ಟಿದ ಪೆನ್ನು ಸಮೇತ. ಯಾರು ಬೇಕಾದರೂ ಐದು ಸಾಲು ಬರೆಯಬಹುದು, ಹೆಸರು ಹಾಕಲೇಬೇಕೆಂದಿಲ್ಲ, ದಿನಾಂಕ ಮಾತ್ರ ಬೇಕು. ಸೈಕಲ್ ಸ್ಟ್ಯಾಂಡಿನ ಬಾದಾಮಿ ಮರದಲ್ಲಿ ಈಗ ಕೆಂಪು ಎಲೆ ಎಷ್ಟು ಉಳಿದಿವೆ, ಹೊಸ ಚಿಗುರು ಯಾವ ಕೊಂಬೆಯಲ್ಲಿ ಮೊದಲು ಬಂತು ಎಂಬುದನ್ನು ಯಾರಾದರೂ ಮೊದಲ ಪುಟಕ್ಕೆ ಬರೆದರೆ ಒಳ್ಳೆಯದು. ಕಳೆದ ವರ್ಷದ್ದು ನಮ್ಮಲ್ಲಿ ಯಾರ ಬಳಿಯೂ ಇಲ್ಲ.